ಇಷ್ಟಲಿಂಗದೊಡನೆ ಮುಂಬಯಿಯಿಂದ ಲಂಡನ್ನಿಗೆ

ಮುಂಬಯಿಯಿಂದ ಲಂಡನ್ನಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಊರಿನಲ್ಲಿ ಈಗ ಕೇಳದವರಿಲ್ಲ. ಬಾವಿಗೆ ಹೋದರೆ ಅಲ್ಲಿ ಕೇಳುತ್ತಾರೆ, ಮಠಕ್ಕೆ ಹೋದರೆ ಅಲ್ಲಿ ಕೇಳುತ್ತಾರೆ. ಐದು ಸಾವಿರ ಮೈಲಿ ಎಂದು ಮುಂಬಯಿಯ ವಿಮಾನದ ಆಫೀಸಿನ ಗುಮಾಸ್ತ ನನಗೆ ಹೇಳಿದ್ದನ್ನೇ ನಾನೂ ಹೇಳುತ್ತೇನೆ. ಕೇಳಿದವರು ಬಾಯಿಗೆ ಸೆರಗು ಹಿಡಿಯುತ್ತಾರೆ. ಐದು ಸಾವಿರ ಮೈಲಿ ಎಂದರೆ ಏನೆಂದು ಅವರಿಗೂ ತಿಳಿಯದು, ಹೋಗಿ ಬಂದ ನನಗೂ ತಿಳಿಯದು. ಆ ದಾರಿಯನ್ನು ನಾನು ಅಳೆದದ್ದು ನಮ್ಮ ಮನೆಯವರ ಹಸಿವಿನಿಂದ. ಅದೊಂದೇ ಅಳತೆ ನನಗೆ ಗೊತ್ತಿರುವುದು. ಅದನ್ನೇ ಬರೆಯುತ್ತೇನೆ.

ಅಕ್ಕಿಆಲೂರು

ಸ್ವರಾಜ್ಯ ಬಂದ ಮರುವರ್ಷ ನಮ್ಮ ಮನೆಯವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಅಕ್ಕಿಆಲೂರಿನಲ್ಲಿ ನಮ್ಮದೊಂದು ಅಕ್ಕಿಗಿರಣಿ ಇದೆ. ದೇವರು ಕೊಟ್ಟದ್ದು ಸಾಕಷ್ಟಿತ್ತು. ಮುಂಬಯಿಯ ಡಾಕ್ಟರರು ಲಂಡನ್ನಿನ ಒಂದು ಆಸ್ಪತ್ರೆಯ ಹೆಸರು ಹೇಳಿದ್ದರಿಂದ ಮನೆಯವರು ಹಡಗು ಹತ್ತಿ ಮುಂದೆ ಹೋದರು. ಸುಗ್ಗಿ ಮುಗಿದ ಮೇಲೆ ನಾನು ಹೋಗುವುದೆಂದು ಮಾತಾಗಿ, ನನ್ನ ಪಾಸ್‌ಪೋರ್ಟನ್ನೂ ಮಾಡಿಸಿ ಇಟ್ಟಿದ್ದರು. ಅದು ಮೊದಲನೆಯ ಕೃಪೆ. ಆ ಕಾಗದ ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ತಾರು ಬಂತು. ಕಳಿಸಿದವರು ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಬೆಳಗಾವಿ ಕಡೆಯ ಡಾಕ್ಟರು, ಹಿರೇಗೌಡರು. ತಾರಿನಲ್ಲಿದ್ದ ಮಾತು ನಾಲ್ಕೇ. ಆ ಮೇಲೆ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಹೊಟ್ಟೆಯ ಫೋಟೋ ತೆಗೆಯುವಾಗ ಅವರ ಕೊರಳಿನ ಇಷ್ಟಲಿಂಗವನ್ನು ಬೆಳ್ಳಿ ಕರಡಿಗೆ, ದಾರದ ಸಮೇತ ತೆಗೆದಿಟ್ಟಿದ್ದರಂತೆ. ಅದು ಮಾಸಿದ ಬಟ್ಟೆಗಳ ಚೀಲದೊಳಗೆ ಬಿದ್ದು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲವಂತೆ. ಲಿಂಗವಿಲ್ಲದ ಮೈಯಲ್ಲಿ ಅನ್ನ ಮುಟ್ಟುವುದಿಲ್ಲವೆಂದು ಅವರು ಬಾಯಿ ಕಟ್ಟಿ ಮಲಗಿದ್ದರು. ಡಾಕ್ಟರರ ಬಲವಂತಕ್ಕೆ ಗುಟುಕು ಸಕ್ಕರೆ ನೀರು, ಅಷ್ಟೇ. ಮೈಯಲ್ಲಿ ಬಲವಿಲ್ಲದೆ ಆಪರೇಶನ್ ಮಾಡುವಂತಿಲ್ಲ. ಬಲ ಬರಲೆಂದು ಗಡ್ಡೆ ಕಾಯುವುದಿಲ್ಲ.

ತಾರು ಓದಿಸಿ ಕೇಳಿದ ನಮ್ಮ ಅತ್ತೆ ಅಳಲಿಲ್ಲ.

"ಅಂವ ಸಣ್ಣಾಂವ ಇದ್ದಾಗಿಂದ ಹಂಗ," ಎಂದರು. "ಲಿಂಗಪೂಜಿ ಆಗೂತನಕ ಹಾಲ ತೋರಿಸಿದರ ಮುಖಾ ತಿರುವತಿದ್ದ. ನನ್ನ ಮಾತ ಕೇಳಲಿಲ್ಲ, ಬಿಳೇ ಮಂದಿ ಮಾತ ಕೇಳತಾನೇನು?"

ಮೈದುನ ಚನ್ನಬಸಪ್ಪ, ಈಗ ವಿಮಾನದ ಅಂಚೆ ಇದೆಯಲ್ಲ, ಒಂದು ಲಿಂಗವನ್ನು ಕಟ್ಟಿಸಿ ಕಳಿಸಿಬಿಡೋಣ ಎಂದ. ಹಾನಗಲ್ಲಿನ ಮಠಕ್ಕೆ ನನ್ನನ್ನೂ ಕರೆದುಕೊಂಡು ಹೋಗಿ, ಅಜ್ಜಾವರು ಎಂದು ನಾವು ಕರೆಯುವ ಸ್ವಾಮಿಗಳಿಗೆ ಅದನ್ನೇ ಹೇಳಿದ. ಅಜ್ಜಾವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಅಂಚ್ಯಾಗ ಕಳಸಾಕ ಅದೇನು ಲಗ್ನದ ಕರಿಯೋಲಿ ಏನೋ? ಲಿಂಗಾ ಮೈಮ್ಯಾಲ ಇರೂದು. ಇಲ್ಲಿಂದ ಅಲ್ಲೀತನಕ ಯಾರದರ ಮೈಗೆ ಹತ್ತಿ ಹೋಗಬೇಕು."

ಯಾರ ಮೈಗೆ? ಪಾಸ್‌ಪೋರ್ಟ್ ಇದ್ದದ್ದು ನನಗೊಬ್ಬಳಿಗೇ. ಅಲ್ಲೇ ಕೂತಿದ್ದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ಕೊಡೂದು ಗುರುವಿನ ಕೆಲಸ. ಹೆಂಗಸು ಗಂಡಗ ಲಿಂಗಾ ಕಟ್ಟೂದು ಎಲ್ಲ್ಯರ ಉಂಟೇನ್ರಿ?"

"ಕಟ್ಟಾಂವ ನಾನು," ಎಂದರು ಅಜ್ಜಾವರು. "ನನ್ನ ಕೈ ಅಷ್ಟು ದೂರ ಮುಟ್ಟಂಗಿಲ್ಲ. ಅದಕ ಈಕೀ ಕೈ ಕೊಟ್ಟು ಕಳಸಾಕತ್ತೇನಿ."

ಅಜ್ಜಾವರು ಹೊಸ ಲಿಂಗಕ್ಕೆ ಸಂಸ್ಕಾರ ಮಾಡಿ, ಕರಡಿಗೆಯಲ್ಲಿಟ್ಟು, ನನ್ನ ಕೈಯಲ್ಲಿ ಕೊಟ್ಟು ಹೇಳಿದರು: "ಅವರ ಕೈಯಾಗ ಇಡೂತನಕ ಇದನ್ನ ಬಿಚ್ಚಬ್ಯಾಡ. ಮತ್ತ ನೀ ಉಪವಾಸ ಬೀಳಬ್ಯಾಡ ಯವ್ವಾ. ಇಬ್ಬರೂ ಬಿದ್ದರ ಎತ್ತೋರ್ಯಾರು? ನಿನ್ನ ಪೂಜಿ ಮಾಡ್ಕೊ, ಉಣ್ಣು, ಹೋಗು."

ನನ್ನ ಲಿಂಗದ ಪಕ್ಕಕ್ಕೆ ಅದನ್ನೂ ಕೊರಳಿಗೆ ಕಟ್ಟಿಕೊಂಡೆ. ಹೊರಡುವಾಗ ಗಿರಣಿಯಲ್ಲಿ ಅಕ್ಕಿ ತೂಗುವ ಹುಲಗೂರಿನ ಇಮಾಮಸಾಬ ಅಂಗಳಕ್ಕೆ ಬಂದು ಒಂದು ಪೊಟ್ಟಣ ಹಿಡಿದು ನಿಂತ.

"ಅವ್ವಾರ, ನಮ್ಮೂರ ದರ್ಗಾದಾಗ ಮಾಲಕರ ಹೆಸರಲೆ ಓದಿಸಿಕೊಂಡ ಬಂದ ಸಕ್ಕರಿ ಐತ್ರಿ. ಬಾಯಾಗ ಹಾಕೂದು ನಿಮ್ಮಾಗ ನಡ್ಯಂಗಿಲ್ಲಂದ್ರ ಗಂಟಿನ್ಯಾಗರ ಇರಲ್ರಿ."

"ಸಕ್ಕರಿಗೆ ಯಾವ ಜಾತಿಯೋ ಇಮಾಮ," ಎಂದು ಅತ್ತೆಯೇ ಅದನ್ನು ಇಸಿದುಕೊಂಡು ನನ್ನ ಸೆರಗಿನ ತುದಿಗೆ ಗಂಟು ಹಾಕಿದರು.

ಶಿಗ್ಗಾಂವಿಯ ದಾರಿ

ಗಿರಣಿಯ ಲಾರಿಯಲ್ಲೇ ಹುಬ್ಬಳ್ಳಿಗೆ ಹೊರಟೆವು. ಶಿಗ್ಗಾಂವಿ ದಾಟುವುದರೊಳಗೆ ಗಾಲಿಯ ಗಾಳಿ ಹೋಯಿತು. ಡ್ರೈವರ್ ಕೆಳಗೆ ಮಲಗಿ ಬಡಿಯುತ್ತಿದ್ದ. ಚನ್ನಬಸಪ್ಪ ಅವನ ತಲೆಯ ಹತ್ತಿರ ನಿಂತು ಬೈಯುತ್ತಿದ್ದ. ಸವಣೂರಿನ ವೀಳ್ಯದೆಲೆಯ ಬುಟ್ಟಿಗಳನ್ನು ಹೇರಿಕೊಂಡ ಬಂಡಿಯೊಂದು ಹತ್ತಿರ ಬಂದು ನಿಂತಿತು. ಬಂಡಿಯಲ್ಲಿದ್ದ ಮುದುಕಿ ಎಲ್ಲಿಗೆ ಎಂದು ಕೇಳಿದಳು. ಲಂಡನ್ನಿಗೆ ಎಂದೆ.

"ಈ ಲಾರಿ ಮ್ಯಾಲೇನು?" ಎಂದಳು ಆಕೆ. ಅಷ್ಟು ಸಂಕಟದಲ್ಲೂ ನನಗೆ ನಗು ಬಂತು. ಹುಬ್ಬಳ್ಳಿಗೆ ನಾವು ಮುಟ್ಟಿದ್ದು ತಡವಾಗಿ. ರೈಲು ನಮಗಿಂತ ತಡವಾಗಿ ಬಂತು. ಅದೂ ಕೃಪೆಯೇ.

ಪುಣೆಯಲ್ಲಿ ಗಾಡಿ ಬದಲಿಸಿ, ಕೂತು ಕೂತು ಕಾಲು ಬಾತು ಮುಂಬಯಿ ಕಂಡೆವು. ವಿಮಾನದ ಆಫೀಸಿನಲ್ಲಿ ನನ್ನ ಗಂಟನ್ನಲ್ಲದೆ ನನ್ನನ್ನೂ ತಕ್ಕಡಿಯ ಮೇಲೆ ನಿಲ್ಲಿಸಿದರು.

"ಅಕ್ಕಿ ತೂಗೋರ ಮನಿಯವರನ್ನ ಇಲ್ಲೆ ತೂಗಾಕತ್ತಾರ ನೋಡ್ರಿ ವೈನಿ," ಎಂದ ಚನ್ನಬಸಪ್ಪ. ನಗಿಸಲು ನೋಡಿದ, ಪಾಪ. ಅವನ ಕಣ್ಣು ಕೆಂಪಾಗಿದ್ದವು. ಐದು ಸಾವಿರ ಮೈಲಿ, ನಾಳೆ ಈ ಹೊತ್ತಿಗೆ ನೀವು ಲಂಡನ್ನಿನಲ್ಲಿ ಎಂದು ಗುಮಾಸ್ತ ಹೇಳಿದ. ಚನ್ನಬಸಪ್ಪ ಬೆರಳು ಮಡಿಚಿ ಎಣಿಸಿದ. "ವೈನಿ, ಊರಿಂದ ಇಲ್ಲಿಗೆ ಬರಾಕೂ ನಮಗ ಅಷ್ಟ ಹೊತ್ತು ಹಿಡದೈತಿ!" ಆ ಮಾತು ನನಗೆ ಧೈರ್ಯ ಕೊಟ್ಟಿತು. ಮನೆಯವರು ಇನ್ನೊಂದು ಮುಂಬಯಿಯಷ್ಟೇ ದೂರದಲ್ಲಿದ್ದಾರೆ ಎಂದುಕೊಂಡೆ.

ಅವನು ತನ್ನ ಕೈಗಡಿಯಾರವನ್ನು ನನ್ನ ಕೈಗೆ ಕಟ್ಟಿ, ಅದೇ ವಿಮಾನಕ್ಕೆ ಕಾಯುತ್ತಿದ್ದ ಒಬ್ಬ ಪಾರಸಿ ಮುದುಕಿಗೆ ನನ್ನನ್ನು ಒಪ್ಪಿಸಿದ. ಶಿರೀನ್‌ಬಾಯಿ ಎಂದು ಅವರ ಹೆಸರು. ಮಗನ ಮನೆಗೆ ಹೊರಟಿದ್ದರು. ಅವರದು ಅರ್ಧ ಮರಾಠಿ, ಅರ್ಧ ಹಿಂದೂಸ್ತಾನಿ. ನನಗೆ ಎರಡೂ ಅರ್ಧರ್ಧ ತಿಳಿಯುತ್ತವೆ. ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಆಕಾಶ

ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಸಿದ್ದೆ. ವಿಮಾನ ನೆಲ ಬಿಟ್ಟಾಗ ಎರಡೂ ಕರಡಿಗೆಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದೆ. ಕಣ್ಣು ತೆರೆದರೆ ಕೆಳಗೆ ಬರೀ ನೀರು; ವಿಮಾನ ನಿಂತಲ್ಲೇ ನಿಂತಂತಿತ್ತು. ಬಂಡಿಯಾದರೆ ಗಿಡಮರ ಹಿಂದೆ ಸರಿಯುವುದು ಕಾಣುತ್ತದೆ, ಹೊರಟಿದ್ದೇವೆಂದು ನಂಬಿಕೆ ಬರುತ್ತದೆ. ಇಲ್ಲಿ ಅದೂ ಇಲ್ಲ. ಅವರು ಹಸಿದಿದ್ದಾರೆ, ನಾನು ಇಲ್ಲಿ ಅಲುಗದೆ ಕೂತಿದ್ದೇನೆ ಎಂದು ಸಂಕಟವಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ವಿಮಾನ ನಡೆಸುವವರು ಮುಂದಿನಿಂದ ಒಂದು ಚೀಟಿ ಕಳಿಸಿದರು. ಎಷ್ಟು ಎತ್ತರ, ಎಷ್ಟು ವೇಗ, ಕೈರೋ ಮುಟ್ಟುವುದು ಯಾವಾಗ ಎಂದು ಅದರಲ್ಲಿ ಬರೆದಿರುತ್ತದೆ. ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸಬೇಕು. ನನಗೆ ಇದು ಗೊತ್ತಿರಲಿಲ್ಲ. ಮುಂದಿನಿಂದ ಕೈಯಿಂದ ಕೈಗೆ ಬಂದದ್ದನ್ನು ನಾವು ಸುಮ್ಮನೆ ದಾಟಿಸುವ ಜನವೇ? ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು ಶಿರೀನ್‌ಬಾಯಿಯವರಿಗೆ ಕೊಟ್ಟೆ. ಅವರು ನನ್ನನ್ನು ನೋಡಿದರು, ಚೀಟಿಯನ್ನು ನೋಡಿದರು.

"ಇದು ಪ್ರಸಾದ ಅಲ್ಲ ಮಗಳ, ಡ್ರೈವರ್‌ನ ಚೀಟಿ," ಎಂದರು.

"ನಮ್ಮನ್ನ ಎತ್ತಿ ಹಿಡಿದಾಂವ ಅಂವ ಅಲ್ಲೇನ್ರಿ ಬಾಯಿ? ಇರಲಿ ಬಿಡ್ರಿ."

ಅವರು ನಕ್ಕು, ಹಿಂದಿನ ಸಾಹೇಬನಿಗೆ ಕೊಡುವ ಮೊದಲು ತಾವೂ ಒಮ್ಮೆ ಕಣ್ಣಿಗೆ ಮುಟ್ಟಿಸಿದರು. ಆ ಸಾಹೇಬ ಚೀಟಿಯನ್ನು ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡಿದ.

ಕೈರೋ

ಕೈರೋದಲ್ಲಿ ಇಳಿದಾಗ ನನ್ನ ಕೈಗಡಿಯಾರ ದೀಪ ಹಚ್ಚುವ ಹೊತ್ತು ತೋರಿಸುತ್ತಿತ್ತು. ಆದರೆ ಸೂರ್ಯ ಇನ್ನೂ ಮೇಲೆಯೇ ಇದ್ದ. ಸಂಜೆಯ ಪೂಜೆ ಮಾಡುವುದೋ ಬಿಡುವುದೋ ತಿಳಿಯದೆ ನಿಂತೆ.

"ನಿನ್ನ ದೇವರ ಗಡಿಯಾರ ಏನಂತದ?" ಎಂದು ಕೇಳಿದರು ಶಿರೀನ್‌ಬಾಯಿ.

"ನಮ್ಮ ದೇವರಿಗೆ ಗಡಿಯಾರಿಲ್ರಿ. ಹೊತ್ತು ಮುಳುಗಿದರ ಸಂಜಿ."

"ಹಂಗಾದರ ಇವತ್ತು ಬಹಳ ಕಾಯಬೇಕು. ನಾವು ಸೂರ್ಯನ ಬೆನ್ನ ಹತ್ತೇವಿ."

ಅದನ್ನು ಕೇಳಿ ನನಗೆ ಒಂದು ಕ್ಷಣ ಎಷ್ಟು ಹಗುರವಾಯಿತೆಂದರೆ ಹೇಳಲಾರೆ. ಹಗಲೇ ಉದ್ದವಾದರೆ ಮನೆಯವರ ಉಪವಾಸಕ್ಕೆ ಇನ್ನೊಂದು ದಿನ ಕೂಡುವುದು ತಡವಾಯಿತಲ್ಲ! ಶಿವನೇ ಸೂರ್ಯನನ್ನು ಹಿಡಿದು ನಿಲ್ಲಿಸಿದ್ದಾನೆ ಎಂದುಕೊಂಡೆ. ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ಆಗ ಅವರಿಗೆ ಎಲ್ಲ ಕಥೆಯನ್ನೂ ಹೇಳಬೇಕಾಯಿತು. ಲಿಂಗ ಕಳೆದದ್ದು, ಮನೆಯವರು ಊಟ ಬಿಟ್ಟದ್ದು, ಎರಡನೆಯ ಕರಡಿಗೆ ಯಾರದೆಂಬುದು. ಶಿರೀನ್‌ಬಾಯಿ ನನ್ನ ಕೈ ಹಿಡಿದು ಹೇಳಿದರು.

"ಮಗಳ, ಹೊಟ್ಟಿ ಸೂರ್ಯನ್ನ ನೋಡೂದಿಲ್ಲ."

ನಿಜ. ಚನ್ನಬಸಪ್ಪನ ಗಡಿಯಾರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅದನ್ನು ಸೆರಗಿನಿಂದ ಮುಚ್ಚಿಕೊಂಡೆ.

ಮತ್ತೆ ವಿಮಾನ ಹತ್ತಿ ಬಹಳ ಹೊತ್ತಾದ ಮೇಲೆ, ಕಡೆಗೂ ಕಿಟಕಿಯ ಅಂಚಿನಲ್ಲಿ ಸೂರ್ಯ ಕೆಂಪಾದ. ಮುಳುಗಲೂ ಅವನಿಗೆ ಅವಸರವಿರಲಿಲ್ಲ. ಶಿರೀನ್‌ಬಾಯಿ ಎದ್ದು ಬೆಳಕಿನ ಕಡೆಗೆ ಮುಖ ಮಾಡಿ, ನಡುವಿನ ಜನಿವಾರದಂಥ ದಾರವನ್ನು ಬಿಚ್ಚಿ, ಮಣಮಣ ಮಂತ್ರ ಹೇಳುತ್ತ ಮತ್ತೆ ಸುತ್ತಿಕೊಂಡರು. ನಾನು ಬೇರೆ ಕಡೆ ನೋಡುತ್ತ ಕೂತೆ. ಆ ಮೇಲೆ ನಾನು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆಗೆ ಕೂತಾಗ ಅವರು ಬೇರೆ ಕಡೆ ನೋಡಿದರು. ಅವರ ದಾರ ನಡುವಿಗೆ, ನಮ್ಮ ದಾರ ಕೊರಳಿಗೆ. ಪೂಜೆ ಮುಗಿಸಿ ಅತ್ತೆ ಕಟ್ಟಿಕೊಟ್ಟ ಜೋಳದ ರೊಟ್ಟಿ ಮುರಿದೆ. ಅಜ್ಜಾವರ ಅಪ್ಪಣೆ ಇರದಿದ್ದರೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಜಿನೀವಾ

ಜಿನೀವಾದಲ್ಲಿ ವಿಮಾನ ನಿಂತೇ ಬಿಟ್ಟಿತು. ಲಂಡನ್ನಿನಲ್ಲಿ ಮಂಜು ಬಿದ್ದಿದೆ, ನೆಲ ಕಾಣುವುದಿಲ್ಲ, ತೆರವಾಗುವವರೆಗೆ ಇಲ್ಲೇ ಇರಬೇಕು ಎಂದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮಂಜಿಗೆ ಯಾರಾದರೂ ನಿಲ್ಲುತ್ತಾರೆಯೇ? ನನ್ನ ತವರು ಚಿಕ್ಕೇರೂರಿನಲ್ಲಿ ಎತ್ತಿನ ಕೊಂಬು ಕಾಣದಂಥ ಮಂಜಿನಲ್ಲೂ ನಮ್ಮಪ್ಪ ಬಂಡಿ ಹೂಡುತ್ತಿದ್ದ. ದಾರಿ ಎತ್ತಿಗೆ ಗೊತ್ತಿರುತ್ತದೆ. ಅಷ್ಟೆಲ್ಲ ಸಮುದ್ರ, ಮರಳುಗಾಡು ಹಾರಿ ಬಂದ ವಿಮಾನಕ್ಕೆ ಇನ್ನೊಂದು ತುಣುಕು ದಾರಿ ಗೊತ್ತಿಲ್ಲವೆಂದರೆ? ವಿಮಾನದವರ ಉದ್ದ ಮೇಜಿನ ಹಿಂದೆ ನಿಂತಿದ್ದ ಮನುಷ್ಯನ ಮುಂದೆ ಹೋಗಿ ನನ್ನ ಭಾಷೆಯಲ್ಲೇ ಕೇಳಿದೆ.

"ಇನ್ನ ಎಷ್ಟ ದೂರ ಐತ್ರಿ? ನಡಕೊಂತ ಹೋಗಾಕ ಬರತೈತೇನು?"

ಅವನು ಕಿಟಕಿಯ ಹೊರಗೆ ಕೈ ಮಾಡಿ, ಎರಡೂ ಅಂಗೈ ಮೇಲೆತ್ತಿದ. ರೈಲಿನಲ್ಲಿ ಹೋದರೂ ಅಷ್ಟೇ ಹೊತ್ತಾಗುತ್ತದಂತೆ ಎಂದು ಶಿರೀನ್‌ಬಾಯಿ ವಿಚಾರಿಸಿಕೊಂಡು ಬಂದರು. ಆಗ ನಾನು ಅತ್ತುಬಿಟ್ಟೆ. ಹೊರಟಾಗಿನಿಂದ ಮೊದಲ ಸಲ ಅತ್ತದ್ದು ಅಲ್ಲಿ, ಯಾರ ಗುರುತೂ ಇಲ್ಲದ ಊರಿನಲ್ಲಿ. ಅವರು ಸಮಾಧಾನದ ಮಾತು ಹೇಳಲಿಲ್ಲ. ಪಕ್ಕದಲ್ಲಿ ಕೂತು ತಮ್ಮ ಚೀಲದಿಂದ ಕರವಸ್ತ್ರ ತೆಗೆದುಕೊಟ್ಟರು.

ಅಲ್ಲಿಯವರು ನಮ್ಮನ್ನು ಒಂದು ಹೋಟೆಲಿನಲ್ಲಿ ಇಳಿಸಿದರು. ಅಲ್ಲಿಯ ಜನ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ ಅದರೊಳಗೇ ಕೂತು ಮೀಯುತ್ತಾರೆ. ನಿಂತ ನೀರಿನಲ್ಲಿ ಮಿಂದು ನಾನು ಹೇಗೆ ಪೂಜೆ ಮಾಡಲಿ? ಬೆಳಿಗ್ಗೆ ಕೆಲಸದ ಹೆಂಗಸಿಗೆ ತಲೆಯ ಮೇಲೆ ಸುರಿದುಕೊಳ್ಳುವಂತೆ ಕೈಸನ್ನೆ ಮಾಡಿ ತೋರಿಸಿದೆ. ಅವಳು ಹೋಗಿ ಹೂಗಿಡಕ್ಕೆ ನೀರು ಹಾಕುವ ಝಾರಿಯನ್ನು ತಂದುಕೊಟ್ಟಳು. ಆಯಿತು, ಗಿಡದಂತೆ ನೀರು ಹಾಕಿಕೊಂಡೆ. ಅದೂ ಒಂದು ಕೃಪೆ.

ಆ ದಿನ ಮಧ್ಯಾಹ್ನ ಮಂಜು ತೆರವಾಯಿತು.

ಲಂಡನ್

ವಿಮಾನದಿಂದ ಇಳಿದ ಮೇಲೆ ಶಿರೀನ್‌ಬಾಯಿಯವರನ್ನು ಬೇರೆ ಸಾಲಿಗೆ ಕಳಿಸಿದರು, ನನ್ನನ್ನು ಬೇರೆ ಸಾಲಿಗೆ. ಮೇಜಿನ ಸಾಹೇಬ ನನ್ನ ಪಾಸ್‌ಪೋರ್ಟ್ ನೋಡಿ, "ಹಸ್ಬೆಂಡ್? ನೇಮ್?" ಎಂದ. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ. ಆದರೆ ಮದುವೆಯಾದಾಗಿನಿಂದ ಆ ಹೆಸರನ್ನು ನಾನು ಬರಿದೇ ಬಾಯಲ್ಲಿ ಹೇಳಿದವಳಲ್ಲ. ಕಾಗದದ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ತಲೆಯಲ್ಲಾಡಿಸಿದ, ನಾನೇ ಬಾಯಿಂದ ಹೇಳಬೇಕು. ಹಿಂದೆ ಜನ ನಿಂತಿದ್ದರು. ಅತ್ತ ಅವರು ಹಸಿದು ಮಲಗಿದ್ದಾರೆ, ಇತ್ತ ಅವರ ಹೆಸರಿಗಾಗಿ ನಾನು ಬಾಗಿಲಲ್ಲಿ ನಿಂತಿದ್ದೇನೆ. ನಮ್ಮ ಹೆಂಗಸರಿಗೆ ಇರುವುದು ಒಂದೇ ದಾರಿ, ಒಡಪು. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದಾಗ ಒಡಪು ಕಟ್ಟಿಯೇ ಅಲ್ಲವೇ ಗಂಡನ ಹೆಸರು ಹೇಳಿ ಒಳಗೆ ಬರುವುದು? ತಲೆ ತಗ್ಗಿಸಿ, ಸೆರಗು ಸರಿಮಾಡಿಕೊಂಡು ಹೇಳಿದೆ.

"ಹಾನಗಲ್ಲ ಕೆರಿಯಾಗ ತಾವರಿ ಎಸಳ,
ಶಿವಪ್ಪನವರ ಹೆಸರ ಹೇಳೇನಿ, ದಾರಿ ಬಿಡ್ರಿ ಸರಳ."

ಸಾಹೇಬ ಲೇಖಣಿ ಹಿಡಿದವನು ಹಾಗೆಯೇ ಕೂತ. ಕಾಗದದಲ್ಲಿದ್ದ ಹೆಸರು ಅಷ್ಟುದ್ದದ ಮಾತಿನೊಳಗೆ ಅವನ ಕಿವಿಗೆ ಬಿದ್ದಿರಬೇಕು. ಮುದ್ರೆ ಒತ್ತಿ, ಎದ್ದು ನಿಂತು ದಾರಿ ತೋರಿಸಿದ.

ಚನ್ನಬಸಪ್ಪನ ತಾರು ಮುಟ್ಟಿ, ಹೊರಗೆ ಡಾಕ್ಟರ್ ಹಿರೇಗೌಡರು ಕಾಯುತ್ತಿದ್ದರು. ನಾನು ಏನೂ ಕೇಳುವ ಮೊದಲೇ, "ಅದಾರ್ರಿ ಅವ್ವಾರ, ಅದಾರ," ಎಂದರು. ಯುದ್ಧದಲ್ಲಿ ಬಾಂಬು ಬಿದ್ದ ಮನೆಗಳು ದಾರಿಯ ಉದ್ದಕ್ಕೂ ಮಾಡಿಲ್ಲದೆ ನಿಂತಿದ್ದವು. ಅಂಥದೊಂದರ ಮುಂದೆ ಹೆಂಗಸೊಬ್ಬಳು ಹೊಸ್ತಿಲು ಒರೆಸುತ್ತಿದ್ದಳು.

ಆಸ್ಪತ್ರೆಯಲ್ಲಿ ಭೇಟಿಯ ಹೊತ್ತು ಮುಗಿದಿತ್ತು. ಆ ವಾರ್ಡಿನ ಮುಖ್ಯ ನರ್ಸನ್ನು ಅಲ್ಲಿ ಸಿಸ್ಟರ್ ಎನ್ನುತ್ತಾರೆ. ಎತ್ತರದ, ನಗದ ಹೆಂಗಸು. ಬಾಗಿಲಲ್ಲಿ ನನ್ನನ್ನು ನೋಡಿ, ಕೊರಳಿನ ಎರಡು ಕರಡಿಗೆ ನೋಡಿ, ಏನೂ ಕೇಳದೆ ದಾರಿ ಬಿಟ್ಟಳು. ಅವರ ಲಿಂಗವನ್ನು ತೆಗೆದಿಟ್ಟವಳು ಅವಳೇ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಅಷ್ಟೂ ಬಟ್ಟೆಯ ಚೀಲಗಳನ್ನು ತನ್ನ ಕೈಯಿಂದಲೇ ಸುರಿದು ಹುಡುಕಿದವಳೂ ಅವಳೇ ಅಂತೆ.

ನಮ್ಮ ಮನೆಯವರು ಹಾಸಿಗೆಯಲ್ಲಿ ಇದ್ದಾರೋ ಇಲ್ಲವೋ ಎನ್ನುವಂತಿದ್ದರು.

"ಬಂದೀ?" ಎಂದರು. "ಹಡಗಿಗೆ ತಿಂಗಳಾಗತಿತ್ತಲ್ಲ."

"ಹಾರಿ ಬಂದೇನ್ರಿ."

"ಅಂಜಿದಿ?"

"ಅಂಜಾಕ ಹೊತ್ತೆಲ್ಲಿತ್ರಿ? ಏಳ್ರಿ, ಕೈ ತೊಳಕೊಳ್ರಿ. ಅಜ್ಜಾರು ಕೊಟ್ಟಾರ."

ನೀರು ಹಾಕಿದೆ. ವಿಭೂತಿ ಹಚ್ಚಿದೆ. ಹಾನಗಲ್ಲಿನಲ್ಲಿ ಮುಚ್ಚಿದ್ದ ಕರಡಿಗೆಯನ್ನು ಅಲ್ಲಿ ತೆರೆದು ಅವರ ಎಡ ಅಂಗೈಯಲ್ಲಿಟ್ಟೆ. ಅವರ ಕೈಯ ಕೆಳಗೆ ನನ್ನ ಕೈ ಹಿಡಿದೆ. ಅವರು ಬಹಳ ಹೊತ್ತು ನೋಡುತ್ತ ಕೂತರು. ಸಿಸ್ಟರ್ ಮಂಚದ ಕಾಲ ಹತ್ತಿರ ಅಲುಗದೆ ನಿಂತಿದ್ದಳು. ಪೂಜೆ ಮುಗಿದು ಕೊರಳಿಗೆ ಕಟ್ಟಿದ ಮೇಲೆ ಅವಳೇ ಹೋಗಿ ಬಿಸಿ ಹಾಲು ತಂದಳು. ಸಕ್ಕರೆ ಅವರಲ್ಲಿ ಇನ್ನೂ ರೇಶನ್. ನಾನು ಸೆರಗಿನ ಗಂಟು ಬಿಚ್ಚಿ ಹುಲಗೂರಿನ ಸಕ್ಕರೆ ಹಾಕಿದೆ. ಮೊದಲ ಚಮಚ ಅವರ ಗಂಟಲಲ್ಲಿ ಇಳಿಯುವುದನ್ನು ನಾನೂ ನೋಡಿದೆ, ಅವಳೂ ನೋಡಿದಳು.

ಕೆಲವು ದಿನಗಳಲ್ಲಿ ಮುಖಕ್ಕೆ ರಕ್ತ ಬಂತು. ಆಪರೇಶನ್ ದಿನ ಗೊತ್ತಾಯಿತು. ಆಗ ದೊಡ್ಡ ಡಾಕ್ಟರು ಹೇಳಿ ಕಳಿಸಿದರು: ಆ ಕೋಣೆಯೊಳಗೆ ರೋಗಿಯ ಮೈಮೇಲೆ ಬೆಳ್ಳಿ, ದಾರ ಏನೂ ಇರಕೂಡದು. ಎಲ್ಲರಿಗೂ ಒಂದೇ ನಿಯಮ.

"ತಗಸೂದಾದ್ರ ನಾ ಒಳಗ ಹೋಗಂಗಿಲ್ಲ," ಎಂದರು ನಮ್ಮ ಮನೆಯವರು.

ಹಿರೇಗೌಡರು ಅತ್ತ ಇತ್ತ ಓಡಾಡಿ ಮಾತಾಡಿ ಸೋತರು. ನನಗಂತೂ ಇಬ್ಬರ ಮಾತೂ ಸರಿಯೆನಿಸುತ್ತಿತ್ತು. ಅದಕ್ಕಿಂತ ದೊಡ್ಡ ಕಷ್ಟವಿಲ್ಲ. ಒಳಗೆ ಹೋಗದಿದ್ದರೆ ಗಡ್ಡೆ ಅವರನ್ನು ಉಳಿಸುವುದಿಲ್ಲ. ಲಿಂಗ ಬಿಟ್ಟು ಹೋಗಿರೆಂದು ನಾನು ಯಾವ ಬಾಯಿಂದ ಹೇಳಲಿ?

ಆ ಬೆಳಿಗ್ಗೆ ಸಿಸ್ಟರ್ ಒಂದು ತಟ್ಟೆಯಲ್ಲಿ ಬೆಳ್ಳಗಿನ ಪಟ್ಟಿಯ ಸುರುಳಿ ಇಟ್ಟುಕೊಂಡು ಬಂದಳು. ತನ್ನ ಎರಡೂ ಕೈಗಳನ್ನು ಔಷಧದ ನೀರಿನಲ್ಲಿ ಮೊಣಕೈತನಕ ತೊಳೆದುಕೊಂಡಳು. ಹಿರೇಗೌಡರ ಬಾಯಿಂದ ನನಗೆ ಹೇಳಿಸಿದಳು: ಬೆಳ್ಳಿ ಬೇಡ, ದಾರ ಬೇಡ, ಒಳಗಿನದನ್ನು ಮಾತ್ರ ಕೊಡು. ನಾನು ಅವರ ಮುಖ ನೋಡಿದೆ. ಅವರು ಹೂಂ ಎಂದರು. ಲಿಂಗವನ್ನು ತೆಗೆದು ಕೊಟ್ಟೆ. ಎಡಗೈ ಎಂದು ನಾನಾಗಲಿ, ಡಾಕ್ಟರಾಗಲಿ ಅವಳಿಗೆ ಹೇಳಲಿಲ್ಲ. ಅವಳೇ ಅವರ ಎಡಗೈ ಎತ್ತಿ, ಅಂಗೈಯಲ್ಲಿ ಲಿಂಗವನ್ನಿಟ್ಟು, ಬೆರಳು ಒಂದೊಂದಾಗಿ ಮಡಿಚಿ, ಮೇಲೆ ಪಟ್ಟಿ ಸುತ್ತುತ್ತ ಹೋದಳು. ಮುಷ್ಟಿ ಒಂದು ಬಿಳಿಯ ಗಂಟಾಯಿತು. ಬಾಗಿಲಲ್ಲಿ ಬಂದು ನಿಂತಿದ್ದ ದೊಡ್ಡ ಡಾಕ್ಟರು ಅದನ್ನು ಮುಟ್ಟಿ ನೋಡಿ, ತಲೆಯಾಡಿಸಿ ಹೋದರು.

ಅವರನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಮುಂಬಯಿ, ಕೈರೋ, ಜಿನೀವಾ ಎಲ್ಲ ಸೇರಿದರೂ ಆ ಬೆಂಚಿನಷ್ಟು ಉದ್ದವಿರಲಿಲ್ಲ.

ಕಡೆಗೆ ಬಾಗಿಲು ತೆರೆಯಿತು. ಗಾಲಿಯ ಮಂಚದ ಮೇಲೆ ಅವರನ್ನು ತಳ್ಳಿಕೊಂಡು ಬಂದರು. ಕಣ್ಣು ಮುಚ್ಚಿತ್ತು,  ಬಾಯಿ ಒಣಗಿತ್ತು, ಎದೆ ಏರಿ ಇಳಿಯುತ್ತಿತ್ತು. ಸಿಸ್ಟರ್ ಮಂಚದ ಪಕ್ಕದಲ್ಲೇ ಬಗ್ಗಿ ನಡೆಯುತ್ತಿದ್ದಳು. ಆ ಬಿಳಿಯ ಮುಷ್ಟಿ ಎಲ್ಲಿಯೂ ಬಡಿಯದಂತೆ ತನ್ನೆರಡೂ ಕೈಗಳಿಂದ ಹಿಡಿದಿದ್ದಳು. ತಿರುವಿನಲ್ಲಿ ಬಿಡಲಿಲ್ಲ, ಬಾಗಿಲು ದಾಟುವಾಗಲೂ ಬಿಡಲಿಲ್ಲ. ನನ್ನ ಹತ್ತಿರ ಬಂದು ಮುಷ್ಟಿಯನ್ನು ನನ್ನ ಅಂಗೈಗೆ ಕೊಟ್ಟಳು, ನಾನು ಸರಿಯಾಗಿ ಹಿಡಿದೆನೋ ಇಲ್ಲವೋ ನೋಡಿದಳು, ಆ ಮೇಲೆ ಇನ್ನೊಬ್ಬ ರೋಗಿಯ ಕಡೆಗೆ ಹೋದಳು.

ಪಟ್ಟಿಯ ಒಳಗೆ ಅವರ ಬೆರಳು ಬಿಗಿಯಾದವು.